ಮದಿಮಾಯನಿಗೆ ಎಣ್ಣೆ ಹಾಕಿದ ಬಿಸು

೧೯೬೩ರ ಏಪ್ರಿಲ್ ೧೫, ಸೋಮವಾರ, ತುಳುವರ ಹೊಸವರ್ಷದ ಹಬ್ಬ ಬಿಸುವಿನ ಮರುದಿನ, ಉಪ್ಪಿನಂಗಡಿಯಿಂದ ಮೇಲೆ ಕುಮಾರಧಾರೆ ಹೊಳೆಯ ಒಂದು ದೋಣಿ ಕಡವಿನಲ್ಲಿ ಕಬ್ಬಿಣ ಕತ್ತರಿಸುವ ಕೆಲಸ ಬೆಳಿಗ್ಗೆ ಎಂಟು ಗಂಟೆಗೆ ನಿಂತಿತು. ಎಂಟು ದಿನ ಮತ್ತೆ ಶುರುವಾಗಲಿಲ್ಲ. ಯಾರಿಗೂ ಗಾಯವಾಗಲಿಲ್ಲ. ಕೆಲಸದ ದಿನಚರಿಯಲ್ಲಿ ಆ ದಿನದ ನಮೂದು ನನ್ನ ಕೈಬರಹದಲ್ಲಿದೆ: "ಎರಡು ಸಿಲಿಂಡರುಗಳಿಗೆ ಎಣ್ಣೆ ತಾಗಿದೆ. ಕೆಲಸ ನಿಲ್ಲಿಸಲಾಗಿದೆ."

ಆ ನಮೂದು ನನಗೆ ನೆನಪಾದದ್ದು ಕಡಬದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ. ಪತ್ರಿಕೆಯ ಕೆಲಸದಿಂದ ನಿವೃತ್ತನಾಗಿ ಕೆಲವು ವರ್ಷಗಳಾಗಿದ್ದವು. ಸುಬ್ರಹ್ಮಣ್ಯದ ಕಡೆ ಹೊರಟಿದ್ದಾಗ ತಮ್ಮನ ಮಗನ ಜೀಪಿನ ಅಡಿಯಲ್ಲಿ ಏನೋ ಕಳಚಿತು. ಅಂಗಡಿಯ ಮುಂದೆ ಬೆಂಚಿನ ಮೇಲೆ ಕೂತಿದ್ದೆ. ಒಳಗಿನಿಂದ ಒದ್ದೆ ಕಾರ್ಬೈಡಿನ ವಾಸನೆ ಬಂತು. ಕೊಳೆತ ಬೆಳ್ಳುಳ್ಳಿಯಂಥ ವಾಸನೆ. ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಅದು ನನ್ನ ಮೂಗಿಗೆ ತಾಗಿರಲಿಲ್ಲ.

೧೯೬೩ರ ಜನವರಿಯಲ್ಲಿ ನನಗೆ ಇಪ್ಪತ್ತೆರಡು ವರ್ಷ. ಬೆಳ್ಳಾರೆಯಿಂದ ಬಸ್ಸಿನಲ್ಲಿ ಪುತ್ತೂರಿಗೆ, ಅಲ್ಲಿಂದ ಉಪ್ಪಿನಂಗಡಿಗೆ, ಅಲ್ಲಿಂದ ಹೊಳೆಯ ಬದಿ ಹಿಡಿದು ನಡೆದು ಕಡವಿಗೆ ಬಂದೆ. ಅಲ್ಲಿ ಒಂದು ಸೇತುವೆ ಕಟ್ಟುತ್ತಿದ್ದರು. ನನ್ನ ಕೆಲಸ ಸಾಮಾನಿನ ಶೆಡ್ಡಿನ ಕೀಲಿಕೈ ಇಟ್ಟುಕೊಳ್ಳುವುದು ಮತ್ತು ದಿನಚರಿ ಬರೆಯುವುದು. ಯಾರು ಬಂದರು, ಏನು ನಡೆಯಿತು, ನೀರು ಎಷ್ಟಿತ್ತು. ಎಲ್ಲರೂ ನನ್ನನ್ನು 'ರೈಟ್ರು' ಎಂದು ಕರೆಯುತ್ತಿದ್ದರು. ಬರೆಯುವ ಕೆಲಸಕ್ಕೆ ನನಗೆ ಸಿಕ್ಕಿದ ಮೊದಲ ಹೆಸರು ಅದು.

ಸೇತುವೆ ಆ ವರ್ಷ ಮುಗಿಯುವ ಮಾತೇ ಇರಲಿಲ್ಲ. ಆ ಬೇಸಿಗೆಯ ಕೆಲಸ ಬೇರೆ. ಎರಡು ಮಳೆಗಾಲದ ಹಿಂದೆ, ಕಂಬ ಕಟ್ಟಲೆಂದು ನಿಲ್ಲಿಸಿದ್ದ ಕಬ್ಬಿಣದ ಗರ್ಡರುಗಳ ಅಟ್ಟಣಿಗೆ ನೆರೆಗೆ ಉರುಳಿ ಹೊಳೆಯ ನಡುವೆ ಬಿದ್ದಿತ್ತು. ಬೇಸಿಗೆಯಲ್ಲಿ ಅದರ ಬೆನ್ನು ಕಾಣುತ್ತಿತ್ತು. ಮಳೆಗಾಲದಲ್ಲಿ ಕಾಣುತ್ತಿರಲಿಲ್ಲ, ಅದೇ ತೊಂದರೆ. ಹಿಂದಿನ ಜುಲೈಯಲ್ಲಿ ಹದಿನಾಲ್ಕು ಜನರಿದ್ದ ದೋಣಿಯ ಅಡಿ ಅದಕ್ಕೆ ತಾಗಿ ಒಂದು ಹಲಗೆ ಸೀಳಿತು. ಕೊಡಪಾನ, ತಲೆಯ ಮೇಲಿನ ಹಾಳೆಯ ಮುಟ್ಟಾಳೆ, ಕೈಗೆ ಸಿಕ್ಕಿದ್ದರಲ್ಲೆಲ್ಲ ನೀರು ಮೊಗೆದು ಚೆಲ್ಲುತ್ತ ದಡ ಸೇರಿದರು. ಮರುವಾರ ಅಧಿಕಾರಿಗಳು ಬಂದು ನೋಡಿ, ಗರ್ಡರು ತೆಗೆಯದೆ ಇದ್ದರೆ ಮುಂದಿನ ಮಳೆಗಾಲ ಈ ಕಡವಿನಲ್ಲಿ ದೋಣಿ ಬಿಡುವಂತಿಲ್ಲ ಎಂದು ಹೇಳಿ ಹೋದರು. ಆಚೆ ದಡದವರಿಗೆ ಶಾಲೆ, ಪೇಟೆ, ಡಾಕ್ಟರು ಎಲ್ಲ ಈಚೆ ದಡದಲ್ಲಿ.

ದೋಣಿ ಐತಪ್ಪನದು. ಮೂವತ್ತೈದರ ಆಸುಪಾಸಿನ ಗಟ್ಟಿ ಆಳು. ಹೊಳೆ ಮೀನು ಹಿಡಿಯುವುದು ಅವನ ಕಸುಬು, ಕಡವು ದಾಟಿಸುವುದು ಅದರ ಜೊತೆಗೆ. ಮನೆ ಆಚೆ ದಡದಲ್ಲಿ, ನೀರಿನ ಅಂಚಿನಿಂದ ನೂರು ಹೆಜ್ಜೆ. ತಾಯಿ ದುಗ್ಗಮ್ಮ, ಹೆಂಡತಿ ಲೀಲಾ, ಮೂವರು ಹೆಣ್ಣುಮಕ್ಕಳು. ಲೀಲಾ ಮತ್ತೆ ಬಸುರಿ. ದಿನ ತುಂಬುವುದು ಜುಲೈಗೆ. ಮೂರನೆಯ ಹೆರಿಗೆ ಕಷ್ಟವಾಗಿದ್ದರಿಂದ ಈ ಸಲ ಪುತ್ತೂರಿನ ಆಸ್ಪತ್ರೆಗೇ ಬರಬೇಕು ಎಂದು ಡಾಕ್ಟರು ಹೇಳಿದ್ದರು. ಜುಲೈ ಎಂದರೆ ತುಂಬು ನೆರೆ. ನಾನು ಅಲ್ಲಿಗೆ ಬಂದ ಮೊದಲ ವಾರವೇ ಐತಪ್ಪ ಗರ್ಡರಿನ ಕಡೆ ಕೈತೋರಿಸಿ ಹೇಳಿದ:

"ರೈಟ್ರೆ, ನೀವು ಬುಕ್ಕಿನಲ್ಲಿ ಎಂತ ಬೇಕಾದ್ರೂ ಬರೀರಿ. ನನಗೆ ಲೆಕ್ಕ ಒಂದೇ. ಜೂನಿಗೆ ಅದು ಅಲ್ಲಿ ಇರಬಾರದು."

ಫೆಬ್ರವರಿ ಮೊದಲ ವಾರ ಕುಶಾಲಪ್ಪ ಗೌಡರು ಬಂದರು. ಸುಳ್ಯದ ಕಡೆಯವರು. ಹರೆಯದಲ್ಲಿ ಮುಂಬಯಿಗೆ ಹೋಗಿ ಹಡಗು ರಿಪೇರಿ ಮಾಡುವಲ್ಲಿ ಗ್ಯಾಸ್ ಬೆಂಕಿಯಿಂದ ಕಬ್ಬಿಣ ಕತ್ತರಿಸುವುದನ್ನು ಕಲಿತು, ಹದಿನೈದು ವರ್ಷ ಅದನ್ನೇ ಮಾಡಿ ಊರಿಗೆ ಮರಳಿದ್ದರು. ಎಡ ಮುಂಗೈಯಲ್ಲಿ ಹಳೆಯ ಸುಟ್ಟ ಕಲೆ. ಮಾತು ಕಡಿಮೆ, ತಮಾಷೆ ಹೆಚ್ಚು. ತಲೆಗೆ ಎಣ್ಣೆ ಹಾಕದ ಮನುಷ್ಯರನ್ನು ಕಡವಿನವರು ಅದೇ ಮೊದಲು ನೋಡಿದ್ದು. ಅವರ ಕೂದಲು ಒಣಹುಲ್ಲಿನ ಹಾಗೆ ನಿಂತಿರುತ್ತಿತ್ತು.

"ಎಂತ ಗೌಡ್ರೆ, ಮನೆಯಲ್ಲಿ ಎಣ್ಣೆ ಕೊಡುದಿಲ್ವಾ?" ಎಂದು ದುಗ್ಗಮ್ಮ ಮೊದಲ ದಿನವೇ ಕೇಳಿದರು. ಮನೆಯಲ್ಲಿ ತುಳು ಮಾತಾಡುವ ಆಕೆ ಗೌಡರ ಹತ್ತಿರ, ನನ್ನ ಹತ್ತಿರ ಕನ್ನಡವನ್ನೇ ಆಡುತ್ತಿದ್ದರು.

"ಕೊಡ್ತಾಳೆ ಅಮ್ಮ. ಕೆಲಸ ಮುಗಿದ ಮೇಲೆ ಹಾಕ್ತೇನೆ. ಈಗ ಹಾಕಿದ್ರೆ ಅವಳಿಗೆ ಗಂಡ ಉಳಿಯುದಿಲ್ಲ."

ಎಲ್ಲರೂ ನಕ್ಕರು. ಅದು ತಮಾಷೆಯಲ್ಲ ಎಂದು ಯಾರಿಗೂ ಅನಿಸಲಿಲ್ಲ. ನನಗೂ ಅನಿಸಲಿಲ್ಲ.

ಮಂಗಳೂರಿನಿಂದ ಲಾರಿಯಲ್ಲಿ ಸಿಲಿಂಡರುಗಳು ಬಂದವು. ಆಳೆತ್ತರದ ಕಪ್ಪು ಉಕ್ಕಿನ ಕೊಳವೆಗಳು. ಒಳಗೆ ಒತ್ತಿ ತುಂಬಿದ ಆಕ್ಸಿಜನ್, ಕಡವಿನವರ ಮಾತಿನಲ್ಲಿ ಬರೀ 'ಗಾಳಿ'. ಜೊತೆಗೆ ಡಬ್ಬಿಗಳಲ್ಲಿ ಕಾರ್ಬೈಡು. ಕಾರ್ಬೈಡಿಗೆ ನೀರು ತಾಗಿಸಿದರೆ ಉರಿಯುವ ಗ್ಯಾಸು ಬರುತ್ತದೆ. ಅದಕ್ಕೆ ಆಕ್ಸಿಜನ್ ಕೂಡಿದರೆ ಕಬ್ಬಿಣವನ್ನು ಬೆಣ್ಣೆಯಂತೆ ಕೊಯ್ಯುವ ಬೆಂಕಿ. ಕೆಲಸದವರು ಕೊಳವೆಗಳನ್ನು ಮುಟ್ಟಲು ಹೆದರಿದರು. ಯುದ್ಧದ ಬಾಂಬು ಹೀಗೇ ಇರುತ್ತದಂತೆ ಎಂದು ಒಬ್ಬ ಹೇಳಿದ. ಗೌಡರು ಒಂದು ಸಿಲಿಂಡರಿನ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

"ಬಾಂಬಲ್ಲ ಮಾರಾಯ್ರೆ. ಇವ ಮದಿಮಾಯ. ತಲೆಗೆ ಟೊಪ್ಪಿ ನೋಡಿ. ಬೀಳಿಸಬಾರದು, ಉರುಳಿಸಬಾರದು, ಬಿಸಿಲಿಗೆ ನಿಲ್ಲಿಸಬಾರದು. ನಾಲ್ಕು ಜನ ಸೇರಿ ಮರ್ಯಾದೆಯಿಂದ ಕರ್ಕೊಂಡು ಹೋಗಬೇಕು."

ಮದಿಮಾಯ ಎಂದರೆ ತುಳುವಿನಲ್ಲಿ ಮದುಮಗ.

"ಹಾಗಾದ್ರೆ ಮದಿಮಾಳು?" ಎಂದ ಐತಪ್ಪ.

"ಆ ಕಾರ್ಬೈಡ್ ಡಬ್ಬಿ. ಮುಹೂರ್ತದವರೆಗೆ ಇಬ್ರೂ ಒಂದೇ ಚಪ್ಪರದಲ್ಲಿ ಇರಬಾರದು. ಒಂದೇ ದೋಣಿಯಲ್ಲೂ ಕೂರಬಾರದು."

ಹೆಸರು ನಿಂತಿತು. ಹೆದರಿಕೆ ಹೋಯಿತು. ನಾಲ್ಕು ಜನ ಅಡ್ಡೆ ಕಟ್ಟಿ ಸಿಲಿಂಡರನ್ನು ಹೊತ್ತು ತರುವಾಗ ಉಳಿದವರು ಬಾಯಲ್ಲೇ ವಾಲಗ ಊದುತ್ತಿದ್ದರು. ಕಾರ್ಬೈಡು ಈಚೆ ದಡದಲ್ಲಿ ನನ್ನ ಶೆಡ್ಡಿನಲ್ಲಿ ಉಳಿಯಿತು. ಮದಿಮಾಯಂದಿರನ್ನು ಆಚೆ ದಡದಲ್ಲಿ, ಐತಪ್ಪನ ಅಂಗಳದ ಮಾವಿನ ಮರದ ಬುಡದಲ್ಲಿ, ಒಂದು ಅಡ್ಡಗಳುವಿಗೆ ಹಗ್ಗದಿಂದ ಬಿಗಿದು ನಿಲ್ಲಿಸಿದರು.

ಆದರೆ ಹಾಗೆ ಆಚೆ ದಾಟಿಸುವ ಮೊದಲು ದೋಣಿಯ ಪ್ರಶ್ನೆ ಎದ್ದಿತ್ತು. ಗೌಡರು ಅದರೊಳಗೆ ಇಳಿದು, ಬಗ್ಗಿ, ಹಲಗೆಯ ಮೇಲೆ ಬೆರಳು ಎಳೆದು ಮೂಸಿದರು.

"ಎಂತ ಹಾಕಿದ್ದಿ?"

"ಮೀನೆಣ್ಣೆ. ದೀಪಾವಳಿಗೆ ಹಾಕಿದ್ದು, ಮೊನ್ನೆ ಪುನಃ ಒಂದು ಕೈ ಹಾಕಿದೆ. ಗಾಳಿ ಹೊರಲಿಕ್ಕೆ ದೋಣಿ ಲಾಯಕ್ಕಿರಲಿ ಅಂತ," ಎಂದು ಐತಪ್ಪ ಹೆಮ್ಮೆಯಿಂದಲೇ ಹೇಳಿದ.

"ಈ ದೋಣಿ ಆಗುದಿಲ್ಲ."

ಐತಪ್ಪನ ಮುಖ ಸಣ್ಣದಾಯಿತು. ಭಾರ ಹೊರುವ ದೋಣಿ ಆ ಹತ್ತಿರದಲ್ಲಿ ಬೇರೆ ಇರಲಿಲ್ಲ. ಬಂಟ್ವಾಳದಿಂದ ತರಿಸಬೇಕಾದರೆ ತಿಂಗಳು ಹೋಗುತ್ತಿತ್ತು. "ಎಣ್ಣೆ ಇಲ್ಲದ ದೋಣಿ ಬಿರಿದು ಹೋಗ್ತದೆ ಗೌಡ್ರೆ. ಮೀನಿನ ದೋಣಿಗೆ ಮೀನೆಣ್ಣೆ ಅಲ್ದೆ ಮತ್ತೆ ಅತ್ತರು ಹಾಕುದಾ?"

ಗೌಡರು ದೋಣಿಯ ಅಂಚಿನಲ್ಲಿ ಕೂತು ಯೋಚಿಸಿದರು. ಸಿಲಿಂಡರಿನಿಂದ ಗಾಳಿ ಸೋರಿದರೆ ದೋಣಿಯ ಹೊಟ್ಟೆಯಲ್ಲಿ ನಿಲ್ಲುತ್ತದೆ, ಎಣ್ಣೆ ಕುಡಿದ ಹಲಗೆಗೆ ಆಗ ಒಂದು ಬೀಡಿಯ ಕಿಡಿ ಸಾಕು ಎಂದರು. ಕೊನೆಗೆ ಮೂರು ಮಾತು ಹೇಳಿದರು. ದೋಣಿಯ ಹೊರಮೈಯ ಎಣ್ಣೆ ಹಾಗೇ ಇರಲಿ. ಒಳಮೈ ತೊಳೆಯಬೇಕು. ಮೇಲೆ ಎರಡೂ ಅಂಚು ತಾಗುವ ಹಾಗೆ ಹೊಸ ಹಲಗೆ ಹಾಸಿ, ಬಯಲು ಗಾಳಿ ಆಡುವಲ್ಲಿ ಸಿಲಿಂಡರು ಕಟ್ಟಬೇಕು.

ಮೂರು ದಿನ ಮನೆಯವರೆಲ್ಲ ಸೇರಿ ದೋಣಿ ತೊಳೆದರು. ಅಂಟುವಾಳದ ನೊರೆ, ಬೂದಿ, ಕುದಿಯುವ ನೀರು, ತೆಂಗಿನ ಸಿಪ್ಪೆ. ದುಗ್ಗಮ್ಮ ಉಜ್ಜುತ್ತಲೇ ಗೊಣಗಿದರು: "ನನ್ನ ಮದುವೆಗೆ ನನಗೆ ಇಷ್ಟು ತಿಕ್ಕಲಿಲ್ಲ." ನಾಲ್ಕನೆಯ ದಿನ ಗೌಡರು ಮತ್ತೆ ಮೂಸಿ ನೋಡಿ ತಲೆಯಾಡಿಸಿದರು. ದೋಣಿ ಬಿಸಿಲಿಗೆ ಬಿಳಿಚಿಕೊಂಡು ಗುರುತು ಸಿಗದ ಹಾಗೆ ಆಗಿತ್ತು.

ನನಗೂ ಒಂದು ಕೆಲಸ ಕೊಟ್ಟರು. ಒಂದು ಹಲಗೆಗೆ ಬಿಳಿ ಬಣ್ಣ ಬಳಿದು ಅದರ ಮೇಲೆ ನಿಯಮಗಳನ್ನು ಬರೆಯಬೇಕು. ನಾನು ಶಾಲೆಯ ಪಾಠಪುಸ್ತಕದ ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದೆ. 'ಆಮ್ಲಜನಕದ ಉಪಕರಣಗಳಿಗೆ ತೈಲ ಅಥವಾ ಜಿಡ್ಡಿನ ಸ್ಪರ್ಶವಾಗಕೂಡದು' ಎಂಬುದು ಮೊದಲನೆಯದು. ಅದನ್ನು ಮಾವಿನ ಮರಕ್ಕೆ ಹೊಡೆದು ಬಂದು ದಿನಚರಿಯಲ್ಲಿ ನಮೂದಿಸಿದೆ: "ಸುರಕ್ಷತೆಯ ನಿಯಮಗಳನ್ನು ಎಲ್ಲರಿಗೂ ತಿಳಿಸಲಾಗಿದೆ."

ಐತಪ್ಪ ಒಮ್ಮೆ ಕೇಳಿದ್ದ, "ಗಾಳಿಗೆ ಎಣ್ಣೆ ತಾಗಿದ್ರೆ ಎಂತ ಆಗುದು ರೈಟ್ರೆ?"

"ಬೋರ್ಡಿನಲ್ಲಿ ಉಂಟಲ್ಲ," ಎಂದಿದ್ದೆ. ಏನಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಅಂಗಳದಲ್ಲಿ ದಿನವಿಡೀ ಇರುವ ದುಗ್ಗಮ್ಮನಿಗೆ ಓದು ಬಾರದು ಎಂಬುದು ಗೊತ್ತಿತ್ತು. ಎರಡನ್ನೂ ಜೋಡಿಸಿ ಯೋಚಿಸಲಿಲ್ಲ.

ಫೆಬ್ರವರಿಯ ಕೊನೆಯಲ್ಲಿ ಕತ್ತರಿಸುವುದು ಶುರುವಾಯಿತು. ಮಾರ್ಚ್ ಇಡೀ ಆಕಾಶ ತಿಳಿಯಾಗಿತ್ತು. ಬೆಳಿಗ್ಗೆ ಎಂಟಕ್ಕೆ ಐತಪ್ಪ ಬಿದಿರ ಗಳ ಹಿಡಿದು ದೋಣಿ ತಳ್ಳುತ್ತಿದ್ದ. ಹಲಗೆಯ ಮೇಲೆ ಮದಿಮಾಯ, ಪಕ್ಕದಲ್ಲಿ ಗೌಡರು. ಕಾರ್ಬೈಡಿನ ಸಣ್ಣ ದೋಣಿ ಇಪ್ಪತ್ತು ಮಾರು ಬಿಟ್ಟು ಹಿಂದೆ. ಬೀಡಿ ಸೇದುವವರು ಬೀಡಿಯನ್ನು ದಡದ ಕಲ್ಲಿನ ಮೇಲೆ ಇಟ್ಟು ಬರಬೇಕು. ಗರ್ಡರಿನ ಬೆನ್ನೇರಿ ಗೌಡರು ಕಪ್ಪು ಕನ್ನಡಕ ಹಾಕಿದರೆಂದರೆ ಎರಡೂ ದಡದಲ್ಲಿ ಜನ ಕೆಲಸ ಬಿಟ್ಟು ನಿಲ್ಲುತ್ತಿದ್ದರು. ನೀಲಿ ಬೆಂಕಿ, ಆಮೇಲೆ ಕಿಡಿಗಳ ಸುರಿ, ನೀರಿಗೆ ಬಿದ್ದು ಚುಂಯ್ ಎನ್ನುವ ಸದ್ದು. ಕತ್ತರಿಸಿದ ತುಂಡಿಗೆ ಸರಪಳಿ ಬಿಗಿದು ದಡದ ವಿಂಚಿನಿಂದ ಎಳೆಯುವುದು. ನೀರು ಇಳಿದಂತೆ ಗರ್ಡರು ಇನ್ನಷ್ಟು ಎದ್ದು ಬರುತ್ತಿತ್ತು, ಗೌಡರು ಇನ್ನಷ್ಟು ಕೊಯ್ಯುತ್ತಿದ್ದರು. ಮಧ್ಯಾಹ್ನ ಮಾವಿನ ಮರದಡಿ ಗಂಜಿ, ಹೊಳೆ ಮೀನಿನ ಸಾರು. ನನಗೆ ಮೀನು ನಡೆಯದ ಕಾರಣ ದುಗ್ಗಮ್ಮ ಒಂದು ತುಂಡು ಮಾವಿನ ಉಪ್ಪಿನಕಾಯಿ ಬೇರೆ ಇಡುತ್ತಿದ್ದರು. ನನ್ನ ಬದುಕಿನಲ್ಲಿ ಅಷ್ಟು ನಿರಾಳವಾಗಿ ಕಳೆದ ಬೇಸಿಗೆಗಳು ಹೆಚ್ಚಿಲ್ಲ.

ಏಪ್ರಿಲ್ ಎರಡನೆಯ ವಾರಕ್ಕೆ ಅರ್ಧಕ್ಕಿಂತ ಹೆಚ್ಚು ಗರ್ಡರು ದಡದಲ್ಲಿತ್ತು. ನೀರಿನ ದಾರಿಗೆ ಅಡ್ಡವಾಗಿದ್ದ ದೊಡ್ಡ ತುಂಡು ಮಾತ್ರ ಉಳಿದಿತ್ತು. ಅಂಗಳದಲ್ಲಿ ತುಂಬಿದ ಸಿಲಿಂಡರು ಎರಡಿದ್ದವು. ಬಿಸು ಭಾನುವಾರ ಬಂತು. ಗೌಡರು ಊರಿಗೆ, ನಾನು ಬೆಳ್ಳಾರೆಗೆ ಹೋದೆವು. ಸೋಮವಾರ ಬೆಳಿಗ್ಗೆ ಮರಳಿದೆವು.

ಎಂಟು ಗಂಟೆಯ ಹೊತ್ತು. ಗೌಡರು ಮಾವಿನ ಮರದ ಬುಡದಲ್ಲಿ ಒಂದು ಸಿಲಿಂಡರಿನ ಮುಂದೆ ನಿಂತಿದ್ದರು, ಕೈಯಲ್ಲಿ ಸ್ಪ್ಯಾನರು. ದೋಣಿಗೆ ಏರಿಸುವ ಮೊದಲು ಬಾಯಿಯ ಮೇಲಿನ ಕಬ್ಬಿಣದ ಟೊಪ್ಪಿ ಬಿಚ್ಚಿ, ವಾಲ್ವನ್ನು ಒಂದು ಕ್ಷಣ ತೆರೆದು ಮುಚ್ಚಿ, ಧೂಳು ಹಾರಿಸುವುದು ಅವರ ಪದ್ಧತಿ. ಐತಪ್ಪ, ಇಬ್ಬರು ಕೆಲಸದವರು ಮತ್ತು ನಾನು ಎರಡು ಮಾರು ದೂರದಲ್ಲಿದ್ದೆವು. ದುಗ್ಗಮ್ಮ ಬೆಲ್ಲ, ನೀರು ತಂದಿಟ್ಟರು.

"ಬಿಸು ಜೋರಾ ಅಮ್ಮ? ಎಷ್ಟು ತಲೆಗೆ ಎಣ್ಣೆ ಹಾಕಿದ್ರಿ?" ಎಂದು ಗೌಡರು ಸ್ಪ್ಯಾನರು ತಿರುಗಿಸುತ್ತ ಕೇಳಿದರು.

ದುಗ್ಗಮ್ಮ ಬೆರಳು ಮಡಚಿದರು. "ಮಗ, ಸೊಸೆ, ಮೂರು ಮಕ್ಕಳು, ನಾನು. ಆರು. ಮತ್ತೆ ಇವರಿಬ್ರು. ಎಂಟು."

"ಇವರಿಬ್ರು ಅಂದ್ರೆ?"

"ಮದಿಮಾಯಂದಿರು. ಅಂಗಳದಲ್ಲಿ ನಿಂತವರನ್ನು ಬಿಸುವಿನ ದಿನ ಹಾಗೇ ಬಿಡುದುಂಟಾ? ಮದಿಮಾಯನ ನೆತ್ತಿಗೆ ಎಣ್ಣೆ ಹಾಕದೆ ಯಾವ ಮದುವೆ ಆಗ್ತದೆ? ಹೊಸ ಕೊಬ್ಬರಿಯ ಎಣ್ಣೆ. ಒಂದೊಂದು ಕೈ ತುಂಬ ಹಾಕಿದೆ."

ನಾನು ನಕ್ಕೆ. ಐತಪ್ಪನೂ ನಕ್ಕ. ಗೌಡರು ನಗಲಿಲ್ಲ. ಸ್ಪ್ಯಾನರು ಹಿಡಿದ ಕೈ ಎಲ್ಲಿತ್ತೋ ಅಲ್ಲೇ ನಿಂತಿತು. ಟೊಪ್ಪಿಯ ಬದಿಯಲ್ಲಿ ಗಾಳಿಯಾಡಲು ಎರಡು ತೂತುಗಳಿರುತ್ತವೆ. ಅವರು ಒಂದು ತೂತಿಗೆ ಬೆರಳು ಹಾಕಿ, ತೆಗೆದು, ಮೂಸಿದರು. ಆಮೇಲೆ ಸ್ಪ್ಯಾನರನ್ನು ಮೆಲ್ಲಗೆ ನೆಲದ ಮೇಲಿಟ್ಟು ನಮ್ಮ ಕಡೆ ತಿರುಗಿದರು.

"ಎಲ್ರೂ ಹಿಂದೆ ಹೋಗಿ. ಓಡುದು ಬೇಡ. ನಡ್ಕೊಂಡು ಹೋಗಿ."

ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾವು ಹೊಳೆಯ ಅಂಚಿನವರೆಗೆ ನಡೆದೆವು. ಗೌಡರು ಬಂದು ಮರಳಿನಿಂದ ಕೈ ಉಜ್ಜಿ, ತೊಳೆದು, ಮತ್ತೆ ಉಜ್ಜಿದರು.

ಸೇತುವೆಯ ಕೆಲಸ ನೋಡಿಕೊಳ್ಳುವ ಓವರ್‌ಸಿಯರು ಈಚೆ ದಡದಿಂದ ಸಣ್ಣ ದೋಣಿಯಲ್ಲಿ ಬಂದರು. ವಿಷಯ ಕೇಳಿ ಅವರಿಗೆ ಸಿಟ್ಟು ಬಂತು. ಹಿಂದಿನ ಸಂಜೆ ಮೂಡಣದಲ್ಲಿ ಗುಡುಗಿತ್ತು.

"ಬಟ್ಟೆಯಲ್ಲಿ ಒರೆಸಿದರೆ ಆಯಿತಲ್ಲ?"

"ಒಳಗೆ ಇಳಿದ ಎಣ್ಣೆ ಬಟ್ಟೆಗೆ ಸಿಗುದಿಲ್ಲ ಸ್ವಾಮಿ. ಇದು ಮಂಗಳೂರಿಗೆ ವಾಪಸ್ ಹೋಗಬೇಕು. ಬೇರೆ ಬರಬೇಕು."

"ಎಂಟು ದಿನ ಹೋಗುತ್ತದೆ. ಅಷ್ಟರಲ್ಲಿ ಮಳೆ ಬಂದರೆ?"

"ಮಳೆ ಬಂದ್ರೆ ಗರ್ಡರು ಉಳೀತದೆ. ಇದನ್ನು ತಿರುಗಿಸಿದ್ರೆ ನಾವು ಉಳಿಯುದಿಲ್ಲ."

ಓವರ್‌ಸಿಯರು ಐತಪ್ಪನ ಕಡೆ ತಿರುಗಿದರು. ಅವನ ಹೆಂಡತಿಯ ವಿಷಯ ಅವರಿಗೂ ಗೊತ್ತಿತ್ತು. "ನೀನು ಹೇಳು. ನಿನಗೇ ಅಲ್ಲವಾ ಅವಸರ? ದೋಣಿ ನಿನ್ನದು. ನೀನು ಕೊಂಡುಹೋಗುತ್ತೇನೆ ಅಂದರೆ ಅವರು ಕೆಲಸ ಮಾಡಿಯೇ ಮಾಡುತ್ತಾರೆ."

ಐತಪ್ಪ ಮನೆಯ ಕಡೆ ನೋಡಿದ. ಲೀಲಾ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಆಮೇಲೆ ಗರ್ಡರಿನ ಕಡೆ ನೋಡಿದ. ಅವನು ನೀರಿಗಿಳಿದು, ದೋಣಿಯ ಮೂತಿ ಹಿಡಿದು, ಒಬ್ಬನೇ ಅದನ್ನು ಮರಳಿನ ಮೇಲೆ ಎಳೆದು, ಗಳವನ್ನು ಅದರೊಳಗೆ ಅಡ್ಡ ಹಾಕಿದ.

"ಎಂಟು ದಿನ ಕಾಯುವಾ," ಎಂದ. "ಗೌಡ್ರು ಮೂರು ದಿನ ದೋಣಿ ತೊಳೆಸಿದ್ದು ಸುಮ್ನೆ ಅಲ್ಲ ಅಂತ ನನಗೆ ಈಗ ಗೊತ್ತಾಯ್ತು."

ಓವರ್‌ಸಿಯರು ಹೋಗುವಾಗ ನನಗೆ, "ಹಬ್ಬದ ಪ್ರಯುಕ್ತ ರಜೆ ಅಂತ ಬರೆದುಬಿಡಿ," ಎಂದರು. ನಾನು ಹೂಂ ಎಂದೆ. ಬರೆಯಲು ಕೂತಾಗ ಫೆಬ್ರವರಿಯ ನಮೂದು ಕಣ್ಣಿಗೆ ಬಿತ್ತು. ಎಲ್ಲರಿಗೂ ತಿಳಿಸಲಾಗಿದೆ. ಒಂದು ಸುಳ್ಳು ಆಗಲೇ ಆ ಪುಸ್ತಕದಲ್ಲಿ ನನ್ನ ಕೈಯಲ್ಲಿ ಆಗಿತ್ತು. ಎರಡನೆಯದನ್ನು ಬರೆಯಲಿಲ್ಲ. ಓವರ್‌ಸಿಯರು ವಾರದ ಕೊನೆಗೆ ಪುಸ್ತಕ ನೋಡಿ, ತಿದ್ದಿಸದೆ ಸಹಿ ಹಾಕಿದರು.

ಅಂದು ಹತ್ತು ಗಂಟೆಯ ಹೊತ್ತಿಗೆ ಗೌಡರು ಇನ್ನೊಂದು ಕೆಲಸ ಮಾಡಿದರು. ವಾಪಸು ಕಳಿಸಲು ಇಟ್ಟಿದ್ದ ಖಾಲಿ ಸಿಲಿಂಡರುಗಳಲ್ಲಿ ಒಂದರ ತಳದಲ್ಲಿ ಸ್ವಲ್ಪ ಗಾಳಿ ಉಳಿದಿತ್ತು. ಅದು ಈಚೆ ದಡದಲ್ಲಿತ್ತು, ಎಣ್ಣೆ ಕಾಣದ್ದು. ಅದನ್ನು ಮರಳ ದಿಣ್ಣೆಯಲ್ಲಿ ಹೂತು ನಿಲ್ಲಿಸಿದರು. ಎಲ್ಲರನ್ನೂ ಸಣ್ಣ ದೋಣಿಯಲ್ಲಿ ಈಚೆ ಕರೆಸಿ ಇಪ್ಪತ್ತು ಹೆಜ್ಜೆ ಹಿಂದೆ ಕೂರಿಸಿದರು. ದುಗ್ಗಮ್ಮನನ್ನು ಮುಂದಿನ ಸಾಲಿನಲ್ಲಿ. ಬೀಡಿ ಹೊತ್ತಿಸಲು ಗೂಡಂಗಡಿಯಲ್ಲಿ ತೂಗುಹಾಕುವ ತೆಂಗಿನ ನಾರಿನ ಹಗ್ಗ ಇರುತ್ತದಲ್ಲ, ಅದರ ಒಂದು ತುಂಡನ್ನು ಉದ್ದ ಬಿದಿರಿನ ತುದಿಗೆ ಕಟ್ಟಿದರು. ತುದಿಯಲ್ಲಿ ಕೆಂಡ ಇತ್ತೋ ಇಲ್ಲವೋ ಎಂಬಷ್ಟು ಇತ್ತು. ಅದನ್ನು ಐತಪ್ಪನ ಕೈಗೆ ಕೊಟ್ಟು, ಸಿಲಿಂಡರಿನ ಬಾಯಿಯಿಂದ ದೂರ ಹಿಡಿಯಲು ಹೇಳಿ, ಬದಿಯಲ್ಲಿ ನಿಂತು ವಾಲ್ವನ್ನು ಒಂದಿಷ್ಟೇ ತೆರೆದರು.

ಸುಯ್ ಎಂದಿತು. ಕೆಂಡ ಬಿಳಿಯಾಯಿತು. ಮರುಕ್ಷಣ ಹಗ್ಗ ಇಡೀ ಉರಿದು, ಬಿದಿರಿನ ತುದಿ ಹೊತ್ತಿಕೊಂಡಿತು. ಐತಪ್ಪ ಬಿದಿರನ್ನೇ ಹೊಳೆಗೆ ಎಸೆದ.

ಗೌಡರು ವಾಲ್ವ್ ಮುಚ್ಚಿದರು. "ಹಗ್ಗದಲ್ಲಿ ಎಣ್ಣೆ ಇರಲಿಲ್ಲ," ಎಂದರು. "ತುಂಬಿದ ಸಿಲಿಂಡರಿನ ಬಾಯಲ್ಲಿ ಎಣ್ಣೆ ಇದ್ರೆ ಕೆಂಡವೂ ಬೇಡ. ವಾಲ್ವ್ ತೆರೆದ್ರೆ ಸಾಕು. ಮುಂಬಯಿಯಲ್ಲಿ ಒಬ್ಬ ವಾಲ್ವ್ ತಿರುಗುದಿಲ್ಲ ಅಂತ ಎರಡು ತೊಟ್ಟು ಎಣ್ಣೆ ಹಾಕಿದ. ಅವನ ಹೆಸರು ನನಗೆ ನೆನಪುಂಟು. ಅಷ್ಟು ಸಾಕು."

ದುಗ್ಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಸೆರಗು ಸರಿಸಿ ಕೇಳಿದರು, "ನಾನು ಕೊಲ್ಲುತ್ತಿದ್ದೆನಾ ಗೌಡ್ರೆ? ನಿಮ್ಮನ್ನು, ನನ್ನ ಮಗನನ್ನು?"

"ನೀವಲ್ಲ ಅಮ್ಮ. ನೀವು ಮದಿಮಾಯನಿಗೆ ಎಂತ ಮಾಡಬೇಕೋ ಅದನ್ನು ಮಾಡಿದ್ರಿ. ಮದಿಮಾಯ ಅಂತ ಹೆಸರಿಟ್ಟವ ನಾನು."

ಬೋರ್ಡು ಬರೆದವ ನಾನು ಎಂದು ಆಗ ನನಗೆ ಹೇಳಲು ಆಗಲಿಲ್ಲ. ಈಗ ಹೇಳುತ್ತಿದ್ದೇನೆ.

ದುಗ್ಗಮ್ಮ ಎದ್ದು ಸೀರೆಯ ಮರಳು ಕೊಡವಿದರು. ಹೂತು ನಿಂತ ಸಿಲಿಂಡರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹಾಗಾದ್ರೆ ಇವ ಮದಿಮಾಯ ಅಲ್ಲ," ಎಂದರು. "ಒಬ್ಬನೇ ದೂರ ನಿಲ್ಲಬೇಕು. ಯಾರೂ ಮುಟ್ಟಬಾರದು. ತಲೆಗೆ ಎಣ್ಣೆ ಹಾಕಬಾರದು. ಇವ ಸೂತಕದವ. ಮೊದಲೇ ಹಾಗೆ ಹೇಳಿದ್ರೆ ನಾನು ಹತ್ತಿರವೂ ಹೋಗ್ತಿರಲಿಲ್ಲ. ಸೂತಕದವನಿಗೆ ಎಣ್ಣೆ ಹಾಕುದುಂಟಾ?"

ಐತಪ್ಪ ಬೆಚ್ಚಿಬಿದ್ದ. "ಅಮ್ಮಾ! ಮನೆಯಲ್ಲಿ ಬಸುರಿ ಇದ್ದಾಳೆ. ದೋಣಿಯಲ್ಲಿ ಸೂತಕ ಅಂತ ಹೇಳುದಾ?"

"ಹೇಳುವಾ. ಬಾಯಲ್ಲಿ ಬಂದ್ರೆ ಬರಲಿ. ಮನೆಗೆ ಬಾರದಿದ್ರೆ ಆಯ್ತಲ್ಲ?"

ಗೌಡರು ಆ ದಿನ ಮೊದಲ ಸಲ ನಕ್ಕರು. "ರೈಟ್ರೆ, ಆ ಬೋರ್ಡು ಇಳಿಸಿ," ಎಂದರು. ಇಳಿಸಿದೆ. ಅದರ ಹಲಗೆಯಿಂದ ಐತಪ್ಪ ಮಕ್ಕಳಿಗೆ ಕೂರಲು ಮಣೆ ಮಾಡಿದ. ನನ್ನ 'ಆಮ್ಲಜನಕ' ಬಹಳ ದಿನ ಮಣೆಯ ಅಡಿಯಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು.

ಎಂಟು ದಿನ ಎಲ್ಲರೂ ಆಕಾಶ ನೋಡಿದೆವು. ಎರಡು ಸಂಜೆ ಗುಡುಗಿತು, ಒಂದು ಸಂಜೆ ನಾಲ್ಕು ಹನಿ ಬಿತ್ತು. ೨೩ರಂದು ಲಾರಿ ಬಂತು. ನಾಲ್ಕು ಹೊಸ ಸಿಲಿಂಡರುಗಳು ಆಚೆ ದಡ ಸೇರುವ ಮೊದಲೇ ದುಗ್ಗಮ್ಮ ಅಂಗಳದಲ್ಲಿ ಅಧಿಕಾರ ವಹಿಸಿಕೊಂಡಿದ್ದರು. ಹೊತ್ತು ತರುವವರನ್ನು ಅಂಚಿನಲ್ಲೇ ನಿಲ್ಲಿಸಿ ಕೈ ಮೂಸುತ್ತಿದ್ದರು.

"ನಿನ್ನ ಕೈಯಲ್ಲಿ ಎಂತ?"

"ಬೆಳಿಗ್ಗೆ ತಲೆಗೆ ಹಾಕಿದ್ದು, ಒರೆಸಿದ್ದೇನೆ ದುಗ್ಗಮ್ಮ."

"ಸೂತಕದ ಮನೆಗೆ ಹಾಗೆ ಬರುದಾ? ಹೋಗು, ತೊಳ್ಕೊಂಡು ಬಾ. ಅಂಟುವಾಳ ಅಲ್ಲಿ ಉಂಟು."

ಓವರ್‌ಸಿಯರು ಒಮ್ಮೆ ಟಾರ್ಚ್ ಲೈಟಿನ ಹಾಗೆ ಹೊಳೆಯುವ ಕ್ರಾಪಿನಲ್ಲಿ ಬಂದರು. ಅವರನ್ನೂ ಬಿಡಲಿಲ್ಲ. "ನೀವು ಅಲ್ಲಿಂದಲೇ ಮಾತಾಡಿ ಸ್ವಾಮಿ," ಎಂದು ಹತ್ತು ಮಾರು ಆಚೆ ನಿಲ್ಲಿಸಿದರು. ಅವರು ನಿಂತರು. ಮಕ್ಕಳು ಆಟದಲ್ಲಿ ಕೂಡ ಮಾವಿನ ಮರವನ್ನು ಸುತ್ತು ಹಾಕಿ ಹೋಗುತ್ತಿದ್ದರು. ನಾನು ಎರಡು ತಿಂಗಳು ಬೋರ್ಡಿನಿಂದ ಮಾಡಲಾಗದ್ದು ಒಂದು ಮಾತಿನಿಂದ ಒಂದು ಬೆಳಿಗ್ಗೆ ಆಯಿತು.

ಮೇ ತಿಂಗಳು ಕೆಲಸ ಓಡಿತು. ಮೇ ನಡುವೆ ಘಟ್ಟದ ಮೇಲೆ ಮಳೆಯಾಗಿ ಒಂದೇ ಸಂಜೆಗೆ ಹೊಳೆ ಒಂದು ಮೊಳ ಏರಿ ಕೆಂಪಾಯಿತು. ದೊಡ್ಡ ತುಂಡಿನ ಬೆನ್ನು ಮುಳುಗುವುದಕ್ಕೆ ನಾಲ್ಕು ಬೆರಳಷ್ಟೇ ಉಳಿಯಿತು. ಎರಡು ದಿನ ಕಾದೆವು. ನೀರು ಇಳಿಯಿತು. ಗೌಡರು ಬೆಳಿಗ್ಗೆ ಆರಕ್ಕೇ ಗರ್ಡರಿನ ಮೇಲೆ ಇರುತ್ತಿದ್ದರು, ಕಾಲು ಮುಳುಗುವಷ್ಟು ನೀರಿನಲ್ಲಿ. ಮೇ ೨೮ರ ಮಧ್ಯಾಹ್ನ ಕೊನೆಯ ಕೊಯ್ತ ಮುಗಿಯಿತು. ವಿಂಚಿನ ಸರಪಳಿ ಒಂದಕ್ಕೆ ಆಗಲಿಲ್ಲ. ಎರಡೂ ದಡದಿಂದ ಜನ ಬಂದು ಹಗ್ಗ ಹಿಡಿದರು. ತುಂಡು ಕೆಸರು ಕಿತ್ತುಕೊಂಡು ಮೇಲೆ ಬಂದಾಗ ಅದರ ಸಂದಿನಲ್ಲಿ ಒಂದು ಮುರಿದ ಹಲಗೆ ಸಿಕ್ಕಿಕೊಂಡಿತ್ತು. ಐತಪ್ಪ ಅದನ್ನು ತಿರುಗಿಸಿ ನೋಡಿದ. ಹಿಂದಿನ ವರ್ಷ ಅವನ ದೋಣಿಯಿಂದ ಹೋದದ್ದು.

ಮರುದಿನ ಗೌಡರು ಕುಮಾರಧಾರೆಯಲ್ಲಿ ಮಿಂದರು. ದುಗ್ಗಮ್ಮ ಗಿಂಡಿಯಲ್ಲಿ ಎಣ್ಣೆ ಹಿಡಿದುಕೊಂಡು ಕಾದಿದ್ದರು. ಗೌಡರು ಮೆಟ್ಟಿಲ ಮೇಲೆ ಕೂತು ತಲೆ ಬಗ್ಗಿಸಿದರು. ಆಕೆ ಒಂದು ಕೈ ಅಲ್ಲ, ಮೂರು ಕೈ ಹಾಕಿ ತಟ್ಟಿದರು. "ಮೂರು ತಿಂಗಳ ಬಾಕಿ," ಎಂದರು. ಐತಪ್ಪ ಹಾಸು ಹಲಗೆಗಳನ್ನು ತೆಗೆದು, ಬಿಳಿಚಿದ ದೋಣಿಯನ್ನು ಬೋರಲು ಹಾಕಿ, ಒಳಗೂ ಹೊರಗೂ ಮೀನೆಣ್ಣೆ ಬಳಿದ. ಮೂರು ದಿನ ಕಡವಿನಲ್ಲಿ ಅದೇ ವಾಸನೆ.

ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯಿತು. ಅಧಿಕಾರಿಗಳು ಬಂದು, ಗಳ ಇಳಿಸಿ ಆಳ ನೋಡಿ, ದೋಣಿ ಬಿಡಲು ಒಪ್ಪಿದರು. ಜುಲೈ ೧೧ರಂದು ಬೆಳಿಗ್ಗೆ ಲೀಲಾಳನ್ನು ಆ ದೋಣಿಯಲ್ಲಿ ಈಚೆ ದಡಕ್ಕೆ ತಂದರು. ನೆರೆ ತುಂಬಿತ್ತು. ಗರ್ಡರು ಇದ್ದ ಜಾಗದ ಮೇಲೆ ದೋಣಿ ಹಾಯುವಾಗ ದಡದಲ್ಲಿ ನಿಂತವರು ನೀರಿನ ಅಂಚಿನವರೆಗೆ ಇಳಿದು ನೋಡಿದರು. ಏನೂ ತಾಗಲಿಲ್ಲ. ಮರುದಿನ ಪುತ್ತೂರಿನಲ್ಲಿ ಗಂಡುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಹತ್ತು ದಿನ ಪುರುಡಿನ ಸೂತಕ. "ನಾನು ಹೇಳಲಿಲ್ವಾ, ಬಂದ್ರೆ ಇಂಥದೇ ಬರ್ತದೆ ಅಂತ," ಎಂದು ದುಗ್ಗಮ್ಮ ಕಡವು ದಾಟುವವರಿಗೆಲ್ಲ ಹೇಳಿದರು. ಆಕೆ ಹಾಗೆ ಹೇಳಿರಲಿಲ್ಲ. ಯಾರೂ ತಿದ್ದಲಿಲ್ಲ.

ಆಗಸ್ಟಿನಲ್ಲಿ ನಾನು ಆ ಕೆಲಸ ಬಿಟ್ಟು ಮಂಗಳೂರಿಗೆ ಹೋಗಿ ಪತ್ರಿಕೆಗೆ ಸೇರಿದೆ. ಸೇತುವೆ ಮುಂದೆ ಮುಗಿಯಿತು. ಕಡವು ನಿಂತಿತು. ಐತಪ್ಪ ಮೀನಿಗೆ ಮಾತ್ರ ದೋಣಿ ಇಳಿಸುತ್ತಿದ್ದನಂತೆ. ಕುಶಾಲಪ್ಪ ಗೌಡರು ಸುಳ್ಯದಲ್ಲಿ ಸ್ವಂತ ಅಂಗಡಿ ಹಾಕಿ ಹಲವರಿಗೆ ಕೆಲಸ ಕಲಿಸಿದರು ಎಂದು ಕೇಳಿದ್ದೇನೆ. ಅವರನ್ನು ಮತ್ತೆ ನೋಡಲಿಲ್ಲ.

ಕಡಬದ ಆ ಅಂಗಡಿಯಲ್ಲಿ ಜೀಪಿನ ಅಡಿಯಿಂದ ಎದ್ದು ಬಂದ ನನ್ನ ತಮ್ಮನ ಮಗ, ಗ್ರೀಸು ಮೆತ್ತಿದ ಕೈಯನ್ನು ಗೋಡೆ ಬದಿಯ ಕಪ್ಪು ಸಿಲಿಂಡರಿಗೆ ಊರಲು ಹೋದ. ವೆಲ್ಡಿಂಗ್ ಮಾಡುತ್ತಿದ್ದವನು ನಲವತ್ತರ ಹತ್ತಿರದವನು. ಕನ್ನಡಕ ಎತ್ತಿ ಕೂಗಿದ:

"ಅವನನ್ನು ಮುಟ್ಟಬೇಡಿ ಮಾರಾಯ್ರೆ! ಸೂತಕದವ!"

ಹಾಗೆ ಯಾಕೆ ಹೇಳುತ್ತೀರಿ ಎಂದು ನಾನು ಕೇಳಿದೆ.

"ಗೊತ್ತಿಲ್ಲ. ನನಗೆ ಕಲಿಸಿದವ್ರು ಹಾಗೇ ಹೇಳ್ತಿದ್ರು. ಅವರಿಗೆ ಕಲಿಸಿದವ್ರೂ ಹಾಗೇ ಅಂತೆ."

ಅವನು ಎಲ್ಲಿ ಕಲಿತದ್ದು ಎಂದು ಕೇಳಿದೆ. ಸುಳ್ಯದಲ್ಲಿ ಎಂದ. ಅಂಗಡಿಯ ಗೋಡೆಯ ಮೇಲೆ ಬೋರ್ಡು ಇರಲಿಲ್ಲ.